ಬಣ್ಣದಡಿ ಹೋದ ಜೇನಿರುವೆ

1974ರಲ್ಲಿ ಆಸ್ಟ್ರೇಲಿಯಾದ ನಟ್ಟನಡುವಿನ ಪಾಪುನ್ಯ ಎಂಬ ಊರಿನ ಶಾಲೆಗೆ ಬಣ್ಣ ಹೊಡೆಸಿದರು. ಸರ್ಕಾರಿ ಶಾಲೆಗೆ ಬಣ್ಣ ಹೊಡೆಸುವುದೂ ಒಂದು ಸುದ್ದಿಯೇ ಎನ್ನಬಹುದು. ಆದರೆ ಅವತ್ತು ಆ ಬಣ್ಣದಡಿ ಹೋದದ್ದು, ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳು ಮುಗಿಬಿದ್ದು ಕೊಳ್ಳುವ ಚುಕ್ಕಿಚಿತ್ರಗಳ ತಾಯಿಬೇರು. ಆ ಗೋಡೆಚಿತ್ರದ ಫೋಟೊಗಳಷ್ಟೇ ಈಗ ಉಳಿದಿವೆ. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 240 ಕಿಲೋಮೀಟರ್ ದೂರದ ಪಾಪುನ್ಯ, ಸರ್ಕಾರ ಕಟ್ಟಿದ ವಸಾಹತು. ಪಿಂಟುಪಿ, ಲುರಿಟ್ಜ, ವಾಲ್ಪಿರಿ ಎಂದು ಬೇರೆ ಬೇರೆ ಮಾತಿನ ಮೂಲನಿವಾಸಿಗಳನ್ನು ತಂದು ಅಲ್ಲಿ ಒಟ್ಟಿಗೆ ಕೂಡಿಹಾಕಿದ್ದರು. ಪಿಂಟುಪಿಗಳ ನೆಲವಂತೂ ಅಲ್ಲಿಂದ ಇನ್ನೂ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಮೂವತ್ತರ ಆಸುಪಾಸಿನ ಮೇಷ್ಟ್ರು ಚಿತ್ರಕಲೆ ಹೇಳಿಕೊಡಲು ಬಂದರು. ಅಲ್ಲಿನ ಜನ ಕತೆ ಹೇಳುವಾಗ ಮರಳಿನಲ್ಲಿ ಬೆರಳಾಡಿಸುವುದು ಅವರ ಕಣ್ಣಿಗೆ ಬಿತ್ತು. ಒಂದರೊಳಗೊಂದು ವೃತ್ತ ಬರೆದರೆ ನೀರಿನ ಸೆಲೆ, ಇಲ್ಲವೇ ಬಿಡಾರ. ಗೆರೆ ಎಳೆದರೆ ದಾರಿ. ಕುದುರೆಲಾಳದ ಆಕಾರ ಬರೆದರೆ ಕೂತ ಮನುಷ್ಯ. ಮರಳಿನ ಮೇಲೆ ಚಕ್ಕಳಮಕ್ಕಳ ಕೂತು ಎದ್ದವನ ಅಚ್ಚು ಹಾಗೇ ತಾನೆ ಬೀಳುವುದು!

ಪಾಪುನ್ಯ ಜೇನಿರುವೆಯ ಊರು. ಮುಲ್ಗಾ ಮರಗಳ ಬುಡದಲ್ಲಿ, ನೆಲದಡಿಯ ಗೂಡಿನ ಚಾವಣಿಗೆ ಜೋತುಬಿದ್ದು, ದ್ರಾಕ್ಷಿಹಣ್ಣಿನಂತೆ ಹೊಟ್ಟೆ ಉಬ್ಬಿಸಿಕೊಂಡು ಸಿಹಿ ಕೂಡಿಡುವ ಇರುವೆ ಇದು. ಈ ಇರುವೆಯ ರೂಪದ ಪೂರ್ವಿಕರು ನಡೆದಾಡಿ ಆ ಸೀಮೆಯನ್ನು ಮೂಡಿಸಿದರೆಂಬ ಕತೆಗೆ ವಾರಸುದಾರರಿದ್ದಾರೆ. ಅವರ ಅಪ್ಪಣೆಯಿಲ್ಲದೆ ಯಾರೂ ಅದನ್ನು ಬರೆಯುವಂತಿಲ್ಲ. ಅದನ್ನು ಶಾಲೆಯ ಗೋಡೆಗೆ ಬರೆಯುವ ಮಾತು ಬಂದಾಗ ಅಪ್ಪಣೆ ಸಿಕ್ಕಿತು. ಕಾಪಾ ಟ್ಜಾಂಪಿಟ್ಜಿನ್ಪ ಎಂಬ ಕಲಾವಿದ ಮುಂದಾಳಾಗಿ ನಿಂತು ಗೋಡೆಯ ಮೇಲೆ ಇರುವೆ ಬರೆದರು. ಆದರೆ ಬರೆದದ್ದು ಕಣ್ಣಿಗೆ ಕಂಡಂಥ ಇರುವೆ. ಬಾರ್ಡನ್ ತಕರಾರು ತೆಗೆದರು: ಇದು ಬಿಳಿಯರು ಬರೆಯುವ ಇರುವೆಯಾಯಿತು, ನಿಮ್ಮದೆಲ್ಲಿ? ಹಿರಿಯರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಕಾಪಾ ಗೋಡೆಯ ಬಳಿಗೆ ವಾಪಸು ಬಂದು, ಇರುವೆಯ ಜಾಗದಲ್ಲಿ ತಮ್ಮವರ ಗುರುತನ್ನು ಬರೆದರು. ಇದು ಬಾರ್ಡನ್ ಅವರೇ ಬರೆದಿಟ್ಟ ಪ್ರಸಂಗ, ಹಾಗಾಗಿ ಮೇಷ್ಟ್ರು ಇದರಲ್ಲಿ ಒಂದು ಗೇಣು ಎತ್ತರವಾಗಿಯೇ ಕಾಣುತ್ತಾರೆ. ಬಿಳಿಯರದು ಬೇಡ ಅನ್ನುವುದಕ್ಕೂ ಒಬ್ಬ ಬಿಳಿಯನೇ ಬೇಕಾಯಿತೇ ಎಂಬ ಕಸಿವಿಸಿ ನನಗಂತೂ ಉಂಟು.

ಆಮೇಲಿನದು ಭರಭರನೆ ನಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಸ್ಪರ್ಧೆಯೊಂದರಲ್ಲಿ ಕಾಪಾಗೆ ಮೊದಲ ಬಹುಮಾನದಲ್ಲಿ ಪಾಲು ಬಂತು. ಗಂಡಸರು ಸಿಕ್ಕ ಹಲಗೆತುಂಡಿನ ಮೇಲೆಲ್ಲ ತಂತಮ್ಮ ಊರು ಬರೆಯತೊಡಗಿದರು. 1972ರಲ್ಲಿ ಪಾಪುನ್ಯ ಟುಲ ಎಂಬ, ಕಲಾವಿದರದೇ ಒಡೆತನದ ಕಂಪನಿ ಹುಟ್ಟಿತು. ಬಾರ್ಡನ್ ಅದೇ ವರ್ಷ ಊರು ಬಿಟ್ಟರು.

ನಮ್ಮ ರಂಗೋಲಿಯಲ್ಲಿ ಮೊದಲು ಚುಕ್ಕಿ, ಆಮೇಲೆ ಎಳೆ. ಚುಕ್ಕಿ ಎಳೆಗೆ ದಾರಿ ತೋರಿಸುತ್ತದೆ. ಪಾಪುನ್ಯದಲ್ಲಿ ಚುಕ್ಕಿಗೆ ದಾರಿ ಮರೆಸುವ ಕೆಲಸವೂ ಬಂತು. ಮೊದಮೊದಲ ಹಲಗೆಗಳಲ್ಲಿ, ದೀಕ್ಷೆಯಾದ ಗಂಡಸರು ಮಾತ್ರ ನೋಡಬಹುದಾದದ್ದೂ ಬಯಲಿಗೆ ಬಂದುಬಿಟ್ಟಿತ್ತು. ಬೇರೆ ಕಡೆಯ ಹಿರಿಯರು ಸಿಟ್ಟಾದರು. ಬರೆಯುವವರು ಗುಟ್ಟಿನದನ್ನು ಕೈಬಿಟ್ಟರು, ಉಳಿದುದರ ಮೇಲೆ ಚುಕ್ಕಿಯ ಪರದೆ ಎಳೆದರು. ನಗರದ ಗ್ಯಾಲರಿಗಳಲ್ಲಿ ಜನ ‘ಅಮೂರ್ತ ಕಲೆ’ ಎಂದು ತಲೆದೂಗಿದ್ದು ಈ ಪರದೆಯ ಮುಂದೆ ನಿಂತು. ಅದರ ಹಿಂದೆ ಇಂಥ ಸೆಲೆ, ಇಂಥ ದಿಬ್ಬ ಎಂದು ಹೆಸರು ಹಿಡಿದು ಹೇಳಬಲ್ಲವರು ಪಾಪುನ್ಯದ ತಗಡಿನ ಸೂರಿನಡಿ ಕೂತು, ಕಾಲಿಡಲಾಗದ ನೆಲವನ್ನು ನೆನಪಿನಿಂದ ಬರೆಯುತ್ತಿದ್ದರು.

ಲಾಭ ಯಾರಿಗಾಯಿತು ಎಂದು ಕೇಳಿದರೆ ಮತ್ತೆ ಹೊಟ್ಟೆ ಉರಿಯುವ ಲೆಕ್ಕ. ಜಾನಿ ವರಂಗ್ಕುಲ ಟ್ಜುಪುರುಲ 1972ರಲ್ಲಿ ಕಲಿಪಿನ್ಪ ಎಂಬ ಮಳೆಯ ತಾಣವನ್ನು ಬರೆದು ಪಡೆದದ್ದು ಸುಮಾರು 150 ಡಾಲರ್. ಅದೇ ಹಲಗೆ 1997ರ ಹರಾಜಿನಲ್ಲಿ 2,06,000 ಡಾಲರಿಗೆ, 2000ದಲ್ಲಿ 4,86,500 ಡಾಲರಿಗೆ ಹೋಯಿತು. ಬಡತನದಲ್ಲೇ ಮುದುಕರಾಗಿದ್ದ ಅವರಿಗೆ ಅದರಲ್ಲಿ ಪಾಲಿರಲಿಲ್ಲ. ಮರುಮಾರಾಟದಲ್ಲಿ ಕಲಾವಿದನಿಗೆ ನೂರಕ್ಕೆ ಐದರ ಹಕ್ಕು ಕೊಡುವ ಕಾನೂನು ಬಂದದ್ದು 2009ರಲ್ಲಿ. ವರಂಗ್ಕುಲ 2001ರಲ್ಲೇ ತೀರಿಕೊಂಡಿದ್ದರು.

ಪಿಂಟುಪಿಗಳು 1981ರಲ್ಲಿ ಗಂಟುಮೂಟೆ ಕಟ್ಟಿ ಪಶ್ಚಿಮದ ತಮ್ಮ ಸೀಮೆಗೆ, ಕಿಂಟೋರ್ ಎಂಬಲ್ಲಿಗೆ ಹೊರಟರು. ಆದರೆ ಮೂತ್ರಪಿಂಡ ಕೆಟ್ಟವರು ಡಯಾಲಿಸಿಸ್‌ಗಾಗಿ ಐನೂರು ಕಿಲೋಮೀಟರ್ ಆಚೆಯ ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಬಿದ್ದಿರಬೇಕಿತ್ತು. ಊರಿನ ನೆನಪಲ್ಲೇ ಅಲ್ಲಿ ಕಣ್ಣುಮುಚ್ಚಿದವರುಂಟು. 2000ದಲ್ಲಿ ಗಂಡಸರೂ ಹೆಂಗಸರೂ ಸೇರಿ ಆ ಸೀಮೆಯನ್ನೇ ದೊಡ್ಡ ಕ್ಯಾನ್ವಾಸ್‌ಗಳ ಮೇಲೆ ಬರೆದು ಸಿಡ್ನಿಯಲ್ಲಿ ಹರಾಜಿಗಿಟ್ಟರು. ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿತು. ಅದರಿಂದ ಡಯಾಲಿಸಿಸ್ ಯಂತ್ರ ಕಿಂಟೋರ್‌ಗೇ ಬಂತು. ಕಾಯಿಲೆಯವರು ಮನೆಗೆ ಹೋದರು.