ಕಣ್ಣಿಗೆ ಕಾಣದ ನಕ್ಷತ್ರಗಳು

ಹವ್ಯಾಸಿ ಎಂಬ ಮಾತನ್ನು ನಾವು ಕೊಂಚ ತಾತ್ಸಾರದಿಂದಲೇ ಆಡುತ್ತೇವೆ. ಖಗೋಳವಿಜ್ಞಾನದ ಚರಿತ್ರೆ ಅದನ್ನು ಒಪ್ಪದು.

ಲಂಡನ್ನಿನ ಬಳಿಯ ಈಲಿಂಗಿನಲ್ಲಿದ್ದ ಆಂಡ್ರೂ ಐನ್ಸ್‌ಲಿ ಕಾಮನ್ ವೃತ್ತಿಯಿಂದ ಎಂಜಿನಿಯರು. ಮನೆಯ ತೋಟದಲ್ಲಿಯೇ ಸ್ವಂತ ವೇಧಶಾಲೆಯನ್ನು ಕಟ್ಟಿಕೊಂಡು, 36 ಅಂಗುಲ ದರ್ಪಣದ ದೂರದರ್ಶಕವನ್ನು ನಿಲ್ಲಿಸಿದ್ದನು. 1883ರ ಜನವರಿ 30ರ ರಾತ್ರಿ ಅದನ್ನು ಮಹಾವ್ಯಾಧದ ನೀಹಾರಿಕೆಯತ್ತ ತಿರುಗಿಸಿ, ಛಾಯಾಫಲಕಕ್ಕೆ ಅರ್ಧ ಗಂಟೆಗೂ ಮೀರಿ ಬೆಳಕೂಡಿಸಿದನು. ಎಷ್ಟು ಹೊತ್ತು ದಿಟ್ಟಿಸಿದರೂ ಕಣ್ಣಿನಲ್ಲಿ ಬೆಳಕು ಶೇಖರವಾಗದು. ಫಲಕದಲ್ಲಾದರೋ ಹನಿಗೂಡಿ ಹಳ್ಳವಾಗುತ್ತದೆ. ಅಂತೆಯೇ, ಕಣ್ಣಿಗೆ ಕಾಣದ ನಕ್ಷತ್ರಗಳು ಚಿತ್ರದಲ್ಲಿ ಮೂಡಿದುವು. ಆಕಾಶಕಾಯಗಳ ಇಂಥ ಚಿತ್ರಗಳಿಗಾಗಿ ಇಂಗ್ಲೆಂಡಿನ ರಾಯಲ್ ಖಗೋಳ ಸಂಘವು 1884ರಲ್ಲಿ ಆತನಿಗೆ ಚಿನ್ನದ ಪದಕವನ್ನಿತ್ತಿತು.

ಇಂದು ಛಾಯಾಫಲಕದ ಸ್ಥಾನಕ್ಕೆ ಡಿಜಿಟಲ್ ಕ್ಯಾಮೆರಾ ಬಂದಿದೆ. ಊರಿನ ಪುಟ್ಟ ವೇಧಶಾಲೆಯಲ್ಲಿ ರಾತ್ರಿಯೆಲ್ಲ ಬೆಳಕನ್ನು ಕೂಡಿಹಾಕುವ ಹವ್ಯಾಸಿ ಅದೇ ದಾರಿಯಲ್ಲಿದ್ದಾನೆ.