ಜೇನುನೊಣದ ಕಣ್ಣು ಮತ್ತು ಹುಚ್ಚೆಳ್ಳಿನ ಇಳುವರಿ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂತಹ ಮಳೆಯಾಶ್ರಿತ ಪ್ರದೇಶಗಳಲ್ಲಿ ರಾಗಿಯ ನಡುವೆ ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಹಳೆಯ ರೂಢಿ. ಹುಚ್ಚೆಳ್ಳು ಪರಕೀಯ ಪರಾಗಸ್ಪರ್ಶದ ಬೆಳೆ. ಪೈರು ಎಷ್ಟೇ ಹುಲುಸಾಗಿದ್ದರೂ, ಹೂವಿಗೆ ಜೇನು ಬಾರದಿದ್ದರೆ ಕಾಳು ಜೊಳ್ಳಾಗುತ್ತದೆ. ಆದುದರಿಂದ ಜೇನು ಹೊಲವನ್ನು ಹೇಗೆ ಕಾಣುತ್ತದೆ ಎಂಬುದನ್ನು ತಿಳಿದಿರುವುದು ರೈತನಿಗೆ ಲಾಭದಾಯಕ.

ಓಡುವ ನೋಟವೇ ಅಳತೆಗೋಲು

ಬಸ್ಸಿನ ಕಿಟಕಿಯಿಂದ ನೋಡಿದಾಗ ರಸ್ತೆಬದಿಯ ಮರಗಳು ಸರ್ರನೆ ಹಿಂದೋಡುತ್ತವೆ. ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ಜೇನುನೊಣವು ಇದೇ ವ್ಯತ್ಯಾಸದಿಂದ ಹತ್ತಿರ ಯಾವುದು, ದೂರ ಯಾವುದು ಎಂದು ಅರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ವಿಜ್ಞಾನಿ ಎಂ. ವಿ. ಶ್ರೀನಿವಾಸನ್ ಮತ್ತು ಸಂಗಡಿಗರು ಆಸ್ಟ್ರೇಲಿಯದಲ್ಲಿ ಈ ವಿಷಯವನ್ನು ದೀರ್ಘಕಾಲ ಅಭ್ಯಸಿಸಿದರು. ಈ ಸಾಧನೆಗಾಗಿ ಶ್ರೀನಿವಾಸನ್ ಅವರಿಗೆ 2006ರಲ್ಲಿ ಆ ದೇಶದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿ ದೊರೆಯಿತು.

ಎರಡೂ ಗೋಡೆಗಳಿಗೆ ಪಟ್ಟೆ ಬಳಿದ ಕಿರಿದಾದ ಸುರಂಗದಲ್ಲಿ ಜೇನನ್ನು ಹಾರಲು ಬಿಟ್ಟಾಗ ಅದು ನಟ್ಟನಡುವೆ ಹಾರಿತು. ಒಂದು ಗೋಡೆಯ ಪಟ್ಟೆಗಳನ್ನು ನೊಣ ಹಾರುವ ದಿಕ್ಕಿಗೇ ಸರಿಸಿದಾಗ ನೊಣ ಆ ಗೋಡೆಯ ಕಡೆಗೆ ವಾಲಿತು. ಆ ಬದಿಯ ನೋಟ ನಿಧಾನವಾಗಿ ಸರಿದುದರಿಂದ ಗೋಡೆ ದೂರವಿದೆ ಎಂದು ನೊಣ ಎಣಿಸಿತ್ತು. ಇಳಿಯುವಾಗಲೂ ನೆಲ ಸರಿಯುವ ವೇಗ ಒಂದೇ ಸಮನಾಗಿರುವಂತೆ ನೊಣ ನೋಡಿಕೊಳ್ಳುತ್ತದೆ. ಹೀಗಾಗಿ ಕೆಳಗಿಳಿದಂತೆ ವೇಗ ತಾನಾಗಿ ತಗ್ಗುತ್ತದೆ.

ಮೇವಿನ ದೂರವನ್ನು ಗೂಡಿನ ಸಂಗಾತಿಗಳಿಗೆ ತಿಳಿಸುವ ಜೇನಿನ ನೃತ್ಯವನ್ನು ಕಾರ್ಲ್ ಫಾನ್ ಫ್ರಿಶ್ ವಿವರಿಸಿದ್ದರು. ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ದೂರದ ಅಳತೆಯೂ ಕಣ್ಣಿನದೇ ಎಂದು ಮುಂದೆ ತಿಳಿದುಬಂತು. ಇಕ್ಕಟ್ಟಾದ ಸುರಂಗದಲ್ಲಿ ಕೆಲವೇ ಮೀಟರು ಹಾರಿದ ನೊಣ, ಅದರ ಹಲವು ಪಟ್ಟು ದೂರ ಹೋಗಿಬಂದಂತೆ ಕುಣಿಯಿತು. ಗುರುತುಗಳಿಲ್ಲದ ನೀರಿನ ಮೇಲೆ ಹಾರಿದಾಗ ದೂರದ ಅಳತೆ ಕಡಿಮೆಯಾಯಿತು.

ನಮ್ಮ ಜೇನುಗಳ ಹರವು

ದಕ್ಷಿಣ ಭಾರತದ ತುಡುವೆ, ಕೋಲುಜೇನು ಮತ್ತು ಹೆಜ್ಜೇನುಗಳ ನೃತ್ಯವನ್ನು ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಮೇವಿಗಾಗಿ ಅತಿ ಕಡಿಮೆ ದೂರ, ಬಹುಮಟ್ಟಿಗೆ ಒಂದು ಕಿಲೋಮೀಟರಿನೊಳಗೆ, ಹೋಗುವುದು ತುಡುವೆ. ಆದರೆ ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವುದೂ ಇದೇ.

ರೈತರು ಗಮನಿಸಬೇಕಾದ ಅಂಶಗಳು

1. ತುಡುವೆ ಪೆಟ್ಟಿಗೆಯನ್ನು ಊರ ಹಿತ್ತಿಲಲ್ಲಿಟ್ಟು ದೂರದ ಹೊಲದಲ್ಲಿ ಫಲ ನಿರೀಕ್ಷಿಸಬಾರದು. ಹೂ ಬಿಡುವ ಕಾಲಕ್ಕೆ ಹೊಲದ ಅಂಚಿನಲ್ಲೇ, ನೆರಳಿನಲ್ಲಿ ಇಡಬೇಕು.

2. ನೊಣಗಳು ಗೂಡಿನ ಸುತ್ತಲ ಗುರುತುಗಳನ್ನು ನೆನಪಿಟ್ಟಿರುತ್ತವೆ. ಪೆಟ್ಟಿಗೆಯನ್ನು ಒಮ್ಮೆಲೇ ಹತ್ತಾರು ಮಾರು ಸರಿಸಿದರೆ ಅವು ಹಳೆಯ ಜಾಗಕ್ಕೇ ಮರಳಿ ಹಾಳಾಗುತ್ತವೆ. ದಿನಕ್ಕೆ ಒಂದೆರಡು ಅಡಿಯಂತೆ ಮಾತ್ರ ಸರಿಸಬೇಕು.

3. ವೇಗದ ಚಲನೆಯನ್ನು ಜೇನಿನ ಕಣ್ಣು ನಮ್ಮ ಕಣ್ಣಿಗಿಂತ ಚೆನ್ನಾಗಿ ಗುರುತಿಸುತ್ತದೆ. ಕೈ ಬೀಸಿದರೆ ಕಾವಲು ನೊಣಗಳು ಕೆರಳುತ್ತವೆ. ಪೆಟ್ಟಿಗೆ ತೆರೆಯುವಾಗ ಪಕ್ಕದಲ್ಲಿ ನಿಂತು, ಮೆಲ್ಲಗೆ ಕೈಯಾಡಿಸಬೇಕು.

4. ಹೂವಿರುವಾಗ ಕೀಟನಾಶಕ ಸಿಂಪಡಿಸಬಾರದು. ಅನಿವಾರ್ಯವಾದರೆ ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಸಿಂಪಡಿಸಬೇಕು.

ಅಕ್ಕಡಿ ಸಾಲಿನ ಹಳದಿ ಹೂವಿನ ಮೇಲೆ ಜೇನಿನ ಓಡಾಟ ಕಂಡರೆ, ಕಾಳು ಕಟ್ಟುವ ಕೆಲಸ ನಡೆದಿದೆ ಎಂದು ತಿಳಿಯಬಹುದು.