ಒಂದು ನ್ಯಾಯಾಲಯದ ಖರ್ಚನ್ನು ಮತ್ತೊಂದರಲ್ಲಿ ಕೇಳಬಹುದೆ?

ಬದುವಿನ ತಕರಾರು ಒಂದೇ ಕಡೆ ಮುಗಿಯುವುದು ಅಪರೂಪ. ಖಾತೆಯ ಬಗ್ಗೆ ತಹಸೀಲ್ದಾರರಲ್ಲಿ ತಕರಾರು, ಅಲ್ಲಿಂದ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ, ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆಯ ದಾವೆ, ನಡುವೆ ಅತಿಕ್ರಮ ಪ್ರವೇಶವೆಂದು ಕ್ರಿಮಿನಲ್ ಮೊಕದ್ದಮೆ. ಕೊನೆಗೆ ಗೆದ್ದ ರೈತನು ಎಲ್ಲ ಖರ್ಚನ್ನೂ ಒಟ್ಟು ಕೂಡಿಸಿ ಎದುರಾಳಿಯಿಂದ ವಸೂಲು ಮಾಡಹೊರಟಾಗ ಬರಿಗೈಯಲ್ಲಿ ಹಿಂತಿರುಗುವುದುಂಟು.

ಖರ್ಚು ಎಲ್ಲಿ ಆಯಿತೋ ಅಲ್ಲಿಯೇ ಕೇಳಬೇಕೆಂಬುದು ಸಾಮಾನ್ಯ ನಿಯಮ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮಿನಂತೆ ಖರ್ಚು ಕೊಡಿಸುವುದು ದಾವೆಯನ್ನು ವಿಚಾರಿಸಿದ ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಗೆದ್ದವನಿಗೆ ಕೊಡಿಸದಿದ್ದರೆ ಕಾರಣವನ್ನು ಬರೆಯಬೇಕು. ಅಲ್ಲಿ ಸಿಗದ ಖರ್ಚಿಗಾಗಿಯೇ ಬೇರೊಂದು ದಾವೆ ಹೂಡಲು ಬರುವುದಿಲ್ಲ. ಮೇಲ್ಮನವಿಯಲ್ಲಿ ಮಾತ್ರ ಪ್ರಶ್ನಿಸಬಹುದು. ಮೇಲಿನ ನ್ಯಾಯಾಲಯವು ಎರಡೂ ಹಂತಗಳ ಖರ್ಚನ್ನು ಕೊಡಿಸಬಲ್ಲದು. ಆದುದರಿಂದ ಮೇಲ್ಮನವಿಯಲ್ಲಿ ಕೆಳಗಿನ ಖರ್ಚನ್ನೂ ಸ್ಪಷ್ಟವಾಗಿ ಕೇಳುವುದು ಒಳ್ಳೆಯದು. ಡಿಕ್ರಿಯಲ್ಲಿ ಖರ್ಚು ನಮೂದಾಗಿದ್ದರೆ ಅದರ ಜಾರಿಗೆ 12 ವರ್ಷ ಅವಧಿಯಿದೆ.

ತಹಸೀಲ್ದಾರರ ಮುಂದೆ ಆದ ಖರ್ಚು ಸಿವಿಲ್ ದಾವೆಯ ಖರ್ಚಲ್ಲ. ಆದರೆ ಅಲ್ಲಿಂದ ಪಡೆದ ದೃಢೀಕೃತ ನಕಲನ್ನು ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಿದ್ದರೆ ಆ ನಕಲಿನ ಶುಲ್ಕವನ್ನು ಖರ್ಚಿನ ಪಟ್ಟಿಯಲ್ಲಿ ಕೇಳಬಹುದು. ಸಮನ್ಸಿಲ್ಲದೆ ಕರೆತಂದ ಸಾಕ್ಷಿಗಳ ವೆಚ್ಚಕ್ಕೂ ಸಂಹಿತೆಯಲ್ಲಿ ಅವಕಾಶವಿದೆ. ಇದನ್ನು ಬಲ್ಲ ರೈತರು ಕಡಿಮೆ.

ಎದುರಾಳಿಯು ಸಕಾರಣವಿಲ್ಲದೆ ತಡೆಯಾಜ್ಞೆ ತಂದು ಬಿತ್ತನೆಯನ್ನೇ ನಿಲ್ಲಿಸಿದ್ದನೆನ್ನಿ. ಆಗ 95ನೆಯ ಕಲಮಿನಡಿ ಅದೇ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರೆ ಖರ್ಚಿನ ಜೊತೆಗೆ ನಷ್ಟಕ್ಕೂ ಪರಿಹಾರ ಸಿಗಬಹುದು. ಇದರ ಮಿತಿ ಹಿಂದೆ 1,000 ರೂಪಾಯಿ ಇದ್ದು, 1999ರ ತಿದ್ದುಪಡಿಯಿಂದ 50,000 ರೂಪಾಯಿ ಆಗಿದೆ. ಆದರೆ ಈ ಅರ್ಜಿಯ ಮೇಲೆ ಆದೇಶವಾದರೆ ಅದೇ ತಡೆಯಾಜ್ಞೆಯ ಬಗ್ಗೆ ಪರಿಹಾರದ ದಾವೆ ಹೂಡುವಂತಿಲ್ಲ. ಹಾನಿ ದೊಡ್ಡದಿದ್ದಲ್ಲಿ ಅರ್ಜಿಗೆ ಅವಸರಪಡದೆ ವಕೀಲರೊಡನೆ ಲೆಕ್ಕ ಹಾಕಬೇಕು.

ಒಂದು ನ್ಯಾಯಾಲಯದ ಖರ್ಚನ್ನು ಮತ್ತೊಂದರಲ್ಲಿ ನಿಜವಾಗಿ ಪಡೆಯಬಹುದಾದ ಸಂದರ್ಭವೆಂದರೆ ಸುಳ್ಳು ಕ್ರಿಮಿನಲ್ ಮೊಕದ್ದಮೆ. ಅದರಿಂದ ಬಿಡುಗಡೆಯಾದವನು ಸಿವಿಲ್ ನ್ಯಾಯಾಲಯದಲ್ಲಿ ದುರುದ್ದೇಶಪೂರ್ವಕ ಮೊಕದ್ದಮೆಗಾಗಿ ನಷ್ಟ ಪರಿಹಾರ ಕೇಳಬಹುದು. ಅದರಲ್ಲಿ ಕ್ರಿಮಿನಲ್ ವಕೀಲರಿಗೆ ಕೊಟ್ಟ ಹಣವೂ ಸೇರುತ್ತದೆ. ಬಿಡುಗಡೆಯಾಯಿತೆಂದ ಮಾತ್ರಕ್ಕೆ ಇದು ಸಿಗದು. ಮೊಕದ್ದಮೆ ನಡೆಯಲು ಎದುರಾಳಿಯೇ ಕಾರಣನೆಂದೂ, ಅದಕ್ಕೆ ಸಕಾರಣವಿರಲಿಲ್ಲವೆಂದೂ, ಅದರ ಹಿಂದೆ ದ್ವೇಷವಿತ್ತೆಂದೂ ರುಜುವಾತುಪಡಿಸುವ ಹೊಣೆ ರೈತನದೇ. ಸಂಶಯದ ಲಾಭದ ಮೇಲೆ ಬಿಡುಗಡೆಯಾದವನಿಗೆ ಇದು ಕಷ್ಟ.

ಈ ದಾವೆಗೆ ಬಿಡುಗಡೆಯ ದಿನದಿಂದ ಒಂದೇ ವರ್ಷದ ಅವಧಿ. ಸುಗ್ಗಿ ಮುಗಿಯಲೆಂದೋ, ಊರ ಹಿರಿಯರು ರಾಜಿ ಮಾಡಿಸುವರೆಂದೋ ಕಾದು ಕುಳಿತು ಅವಧಿ ಕಳೆದುಕೊಂಡರೆ ಹಕ್ಕೇ ಹೋಗುತ್ತದೆ. ವಕೀಲರಿಗೆ ಹಣ ಕೊಟ್ಟಾಗಲೆಲ್ಲ ರಸೀತಿ ಕೇಳಲು ಸಂಕೋಚಪಡುವವರು ಹೆಚ್ಚು. ಆದರೆ ನಷ್ಟದ ಲೆಕ್ಕ ಕೊಡುವಾಗ ಆ ರಸೀತಿಗಳೇ ಸಾಕ್ಷ್ಯ. ಅವುಗಳನ್ನೂ ಪ್ರತಿ ವಾಯಿದೆಯ ತಾರೀಖು, ಬಸ್ಸಿನ ಚೀಟಿಗಳನ್ನೂ ಪಹಣಿಯ ಕಟ್ಟಿನಲ್ಲಿಯೇ ಇಟ್ಟುಕೊಳ್ಳಬೇಕು.